ಹೈವ್ ಟೇಬಲ್ ಸಾಗಿಸುವ ನಾಲ್ಕು ದಾರಿ: ನಾನು ಕೊನೆಗೆ ಡಿಸ್ಟ್‌ಸಿಪಿಗೇ ಯಾಕೆ ಬಂದೆ

ಹಳೆಯ ಹಡೂಪ್ ಕ್ಲಸ್ಟರ್‌ನಿಂದ (ದೊಡ್ಡ ಡೇಟಾವನ್ನು ಹಂಚಿಕೊಂಡು ಇಡುವ ಕಂಪ್ಯೂಟರ್‌ಗಳ ಗುಂಪು) ಹೊಸದಕ್ಕೆ ಹೈವ್ ಟೇಬಲ್‌ಗಳನ್ನು (ಆ ಡೇಟಾವನ್ನು ಎಸ್‌ಕ್ಯೂಎಲ್‌ನಲ್ಲಿ ಕೇಳಲು ಕಟ್ಟಿದ ಟೇಬಲ್‌ಗಳು) ಸಾಗಿಸುವ ಕೆಲಸ ನನ್ನ ತಲೆಗೆ ಬಿದ್ದಾಗ, "ಫೈಲ್ ಕಾಪಿ ಮಾಡೋದು ತಾನೇ" ಅಂದುಕೊಂಡಿದ್ದೆ. ಫೈಲ್ ಕಾಪಿ ನಿಜಕ್ಕೂ ಸುಲಭ. ಆದರೆ ಹೈವ್ ಟೇಬಲ್ ಅಂದರೆ ಬರೀ ಫೈಲ್ ಅಲ್ಲವಲ್ಲ. ಡೇಟಾ ಹಡೂಪ್‌ನ ಫೈಲ್ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ನಲ್ಲಿರುತ್ತದೆ. ಅದು ಯಾವ ಫೋಲ್ಡರ್‌ನಲ್ಲಿದೆ, ಕಾಲಂ ಯಾವುವು, ಪಾರ್ಟಿಷನ್ (ಟೇಬಲ್‌ನ ಭಾಗಗಳು) ಎಷ್ಟು ಎಂಬ ಲೆಕ್ಕವೆಲ್ಲ, ಅಂದರೆ ಮೆಟಾಡೇಟಾ, ಮೆಟಾಸ್ಟೋರ್‌ನಲ್ಲಿರುತ್ತದೆ. ಈ ಎರಡನ್ನೂ ಒಟ್ಟಿಗೆ ಸಾಗಿಸಬೇಕು. ನಾಲ್ಕು ದಾರಿ ನೋಡಿದೆ. ಪ್ರಯತ್ನಿಸಿದ ಮೂರರಲ್ಲೂ ಏಟು ತಿಂದೆ.

ಮೊದಲು ಹೈವ್‌ನದ್ದೇ ಆದ ಎಕ್ಸ್‌ಪೋರ್ಟ್–ಇಂಪೋರ್ಟ್. ಇದು 0.8ನೇ ಆವೃತ್ತಿಯಿಂದಲೂ ಇದೆ. 'ಎಕ್ಸ್‌ಪೋರ್ಟ್ ಟೇಬಲ್' ಕೊಟ್ಟರೆ ನೀವು ಹೇಳಿದ ಫೋಲ್ಡರ್‌ನಲ್ಲಿ ಡೇಟಾ ಬಂದು ಕೂರುತ್ತದೆ, ಪಕ್ಕದಲ್ಲೇ ಮೆಟಾಡೇಟಾ ಫೈಲ್ ಒಂದಿರುತ್ತದೆ. ಆ ಫೋಲ್ಡರನ್ನು ಹೊಸ ಕ್ಲಸ್ಟರ್‌ಗೆ ಒಯ್ದು 'ಇಂಪೋರ್ಟ್ ಟೇಬಲ್' ಅಂದರೆ ಕಾಲಂ, ಪಾರ್ಟಿಷನ್ ಎಲ್ಲ ತಾನಾಗಿಯೇ ಸರಿಹೋಗುತ್ತದೆ. ಚಿಕ್ಕ ಟೇಬಲ್‌ಗೆ ಇದಕ್ಕಿಂತ ಆರಾಮದ ದಾರಿ ಇಲ್ಲ.

ದೊಡ್ಡ ಟೇಬಲ್‌ಗೆ ಬಂದಾಗ ಜಾಗದ ಲೆಕ್ಕ ಹಾಕಿ ನೋಡಿ. ಮೂಲ ಡೇಟಾ ಒಂದು ಪ್ರತಿ. ಎಕ್ಸ್‌ಪೋರ್ಟ್ ಫೋಲ್ಡರ್‌ನಲ್ಲಿ ಎರಡನೆಯದು. ಅದನ್ನು ಹೊಸ ಕ್ಲಸ್ಟರ್‌ಗೆ ತಂದಾಗ ಮೂರನೆಯದು. ಇಂಪೋರ್ಟ್ ಅಲ್ಲಿಂದ ಟೇಬಲ್ ಜಾಗಕ್ಕೆ ಮತ್ತೆ ಕಾಪಿ ಮಾಡಿದರೆ ನಾಲ್ಕನೆಯದು. ಎಚ್‌ಡಿಎಫ್‌ಎಸ್ ಫೈಲನ್ನು ಬ್ಲಾಕ್ ಎಂಬ ತುಂಡುಗಳಾಗಿ ಮಾಡಿ ಪ್ರತಿ ಬ್ಲಾಕನ್ನೂ ಸಾಮಾನ್ಯವಾಗಿ 3 ಕಡೆ ಇಡುತ್ತದೆ. ಹಾಗಾಗಿ 10 ಟಿಬಿಯ ಟೇಬಲ್‌ಗೆ ಹಳೆಯ ಕ್ಲಸ್ಟರ್‌ನಲ್ಲೇ ಇನ್ನೂ 30 ಟಿಬಿ ಖಾಲಿ ಜಾಗ ಬೇಕು. ಜಾಗ ಸಾಲದೆಯೇ ಹೊಸ ಕ್ಲಸ್ಟರ್‌ಗೆ ಹೊರಟವರಿಗೆ ಇದು ಎಲ್ಲಿಂದ ಬರಬೇಕು ಹೇಳಿ? ನನ್ನ ಎಕ್ಸ್‌ಪೋರ್ಟ್ ಅರ್ಧದಲ್ಲಿ ಕೋಟಾ ಮುಗಿದು ನಿಂತಿತು.

ಡೇಟಾ ಸಂಸ್ಕರಿಸುವ ಸ್ಪಾರ್ಕ್‌ನಲ್ಲಿ ಜೆಡಿಬಿಸಿ (ಡೇಟಾಬೇಸ್‌ಗೆ ಕನೆಕ್ಟ್ ಆಗುವ ಜಾವಾ ವಿಧಾನ) ಮೂಲಕ ಓದಿ ಆ ಕಡೆ ಬರೆಯೋಣ ಅಂತ ಹೊರಟಿದ್ದು ಎರಡನೆಯ ದಾರಿ. ಒಂದು ನಾಮಫಲಕದಷ್ಟು ಚಿಕ್ಕ ಟೇಬಲ್ ಓದಿಸಿದೆ. ಪ್ರತಿ ಸಾಲಿನಲ್ಲೂ ಡೇಟಾ ಬದಲು ಕಾಲಂ ಹೆಸರೇ ಬಂತು! 'ಊರು' ಕಾಲಂನಲ್ಲಿ ಮೇಲಿಂದ ಕೆಳಗೆ ಬರೀ 'ಊರು', 'ಊರು', 'ಊರು'. ಸ್ಪಾರ್ಕ್ ಕಾಲಂ ಹೆಸರಿಗೆ ಡಬಲ್ ಕೋಟ್ ಹಾಕಿ ಕಳಿಸುತ್ತದೆ, ಹೈವ್ ಅದನ್ನು ಸುಮ್ನೆ ಒಂದು ಸ್ಟ್ರಿಂಗ್ ಅಂದುಕೊಳ್ಳುತ್ತದೆ. ಹೈವ್‌ಗೆ ಬೇಕಿದ್ದದ್ದು ಬ್ಯಾಕ್‌ಟಿಕ್ (`). ಅದಕ್ಕಾಗಿ ಡಯಲೆಕ್ಟ್ (ಹೈವ್‌ಗೆ ತಕ್ಕಂತೆ ಕ್ವೆರಿ ಬರೆಯಲು ಸ್ಪಾರ್ಕ್‌ಗೆ ಹೇಳುವ ಕೋಡ್) ಬರೆದು ಸೇರಿಸಬೇಕು. ಅದಾದ ಮೇಲೂ, ಪಾರ್ಟಿಷನ್ ಕಾಲಂ ಮತ್ತು ಮೇಲಿನ–ಕೆಳಗಿನ ಮಿತಿ ಕೊಡದಿದ್ದರೆ ಎಲ್ಲ ಡೇಟಾ ಒಂದೇ ಕನೆಕ್ಷನ್‌ನಲ್ಲಿ ಹರಿದು ಬರುತ್ತದೆ. ಇಡೀ ಕ್ಲಸ್ಟರ್ ಕೈಕಟ್ಟಿ ಕೂತು ಒಂದೇ ಟಾಸ್ಕ್ ಬೆವರು ಸುರಿಸುವುದನ್ನು ನೋಡಬೇಕು. ಸಾಗಿಸುವಾಗಲೇ ಟೆಕ್ಸ್ಟ್ ಫೈಲನ್ನು ಕಾಲಂವಾರು ಇಡುವ ಪಾರ್ಕೆ ಮಾದರಿಗೆ ಬದಲಾಯಿಸಬೇಕಿದ್ದರೆ ಸ್ಪಾರ್ಕ್ ಸರಿ. ಆಗಲೂ ಜೆಡಿಬಿಸಿ ಬಿಟ್ಟು ನೇರ ಎಚ್‌ಡಿಎಫ್‌ಎಸ್ ಫೈಲ್ ಓದಿಸಿ.

ಇನ್ನು ಮೂರನೆಯ ದಾರಿ ಡಿಸ್ಟ್‌ಸಿಪಿ, ಹಡೂಪ್ ಜೊತೆಗೇ ಬರುವ ಫೈಲ್ ಕಾಪಿ ಸಾಧನ. ಇದು ರಿಡ್ಯೂಸರ್ (ಫಲಿತಾಂಶ ಒಟ್ಟುಗೂಡಿಸುವ ಹಂತ) ಇಲ್ಲದ ಒಂದು ಮ್ಯಾಪ್‌ರಿಡ್ಯೂಸ್ ಜಾಬ್, ಅಂದರೆ ಹಲವು ಯಂತ್ರಗಳಿಗೆ ಹಂಚಿ ಓಡಿಸುವ ಹಡೂಪ್ ಕೆಲಸ. ಫೈಲ್ ಪಟ್ಟಿ ಮಾಡಿ ಮ್ಯಾಪರ್‌ಗಳಿಗೆ (ಒಟ್ಟೊಟ್ಟಿಗೆ ಓಡುವ ಟಾಸ್ಕ್‌ಗಳು) ಹಂಚುತ್ತದೆ, ನೀವು ಬೇರೆ ಹೇಳದಿದ್ದರೆ ಹೆಚ್ಚೆಂದರೆ 20 ಮ್ಯಾಪರ್. ನಡುವೆ ಹೆಚ್ಚುವರಿ ಪ್ರತಿ ಇಲ್ಲ. ಹಳೆಯ ಡೇಟಾನೋಡ್‌ನಿಂದ (ಡೇಟಾ ಇಡುವ ಯಂತ್ರ) ಹೊಸದಕ್ಕೆ ನೇರ. '-ಅಪ್‌ಡೇಟ್' ಕೊಟ್ಟರೆ ಆಗಲೇ ಬಂದ ಫೈಲ್ ಬಿಟ್ಟು ಉಳಿದದ್ದನ್ನಷ್ಟೇ ತರುತ್ತದೆ. ರಾತ್ರಿ ನಿಂತ ಜಾಬ್ ಬೆಳಿಗ್ಗೆ ಮುಂದುವರಿಸಬಹುದು ಅಂದರೆ ಎಷ್ಟು ನೆಮ್ಮದಿ ಅಲ್ವಾ?

ಆದರೆ ಅದೇ '-ಅಪ್‌ಡೇಟ್' ನನ್ನನ್ನು ಬೀಳಿಸಿದ್ದೂ ಹೌದು. ಗುರಿ ಫೋಲ್ಡರ್ ಮೊದಲೇ ಇದ್ದಾಗ ಈ ಆಪ್ಷನ್ ಇಲ್ಲದೆ ಓಡಿಸಿದರೆ ಮೂಲ ಫೋಲ್ಡರ್ ಅದರೊಳಗೆ ಹೋಗಿ ಕೂರುತ್ತದೆ. ಕೊಟ್ಟು ಓಡಿಸಿದರೆ ಒಳಗಿನ ಸಾಮಾನು ಮಾತ್ರ ಹೋಗುತ್ತದೆ. ನಾನು ಮೊದಲ ಸಲ ಇಲ್ಲದೆ, ಎರಡನೆಯ ಸಲ ಸೇರಿಸಿ ಓಡಿಸಿದ್ದೆ. 'ಲಾಗ್ಸ್' ಒಳಗೆ ಇನ್ನೊಂದು 'ಲಾಗ್ಸ್', ಎರಡರಲ್ಲೂ ಅದೇ ಡೇಟಾ.

ಮುಂದೆ ಚೆಕ್‌ಸಮ್ (ಕಾಪಿ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಕರಾರು. ಬೈಟ್‌ಗೆ ಬೈಟ್ ಒಂದೇ ಫೈಲ್, ಆದರೂ "ಹೊಂದುತ್ತಿಲ್ಲ" ಅಂತ ಜಾಬ್ ಸಾಯುತ್ತಿತ್ತು. ಹಳೆಯ ಕ್ಲಸ್ಟರ್‌ನ ಬ್ಲಾಕ್ ಅಳತೆ 128 ಎಂಬಿ, ಹೊಸದರಲ್ಲಿ 256. ಎಚ್‌ಡಿಎಫ್‌ಎಸ್ ಮಾಮೂಲಾಗಿ ಫೈಲ್‌ನ ಚೆಕ್‌ಸಮ್ ಅನ್ನು ಬ್ಲಾಕ್‌ಗಳ ಚೆಕ್‌ಸಮ್‌ನಿಂದ ಕಟ್ಟುತ್ತದೆ. ಬ್ಲಾಕ್ ಅಳತೆ ಬೇರೆಯಾದರೆ ಉತ್ತರವೂ ಬೇರೆ. ಚೆಕ್‌ಸಮ್ ಪರೀಕ್ಷೆಯನ್ನೇ ಬಿಟ್ಟುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಒಪ್ಪಲ್ಲ. '-ಪಿಬಿ' ಕೊಟ್ಟು ಹಳೆಯ ಬ್ಲಾಕ್ ಅಳತೆಯನ್ನೇ ಉಳಿಸಿಕೊಂಡರೆ ಪರೀಕ್ಷೆಯೂ ನಡೆಯುತ್ತದೆ, ಜಾಬೂ ಮುಗಿಯುತ್ತದೆ.

ಫೈಲ್ ಬಂದ ಮೇಲೆ ಮೆಟಾಡೇಟಾ ಕೈಯಾರೆ ಕಟ್ಟಬೇಕು. ಹಳೆಯ ಕಡೆ 'ಷೋ ಕ್ರಿಯೇಟ್ ಟೇಬಲ್', ಬಂದದ್ದನ್ನು ಹೊಸ ಕಡೆ ಓಡಿಸಿ, ಆಮೇಲೆ 'ಎಂಎಸ್‌ಸಿಕೆ ರಿಪೇರ್ ಟೇಬಲ್' ಕೊಟ್ಟರೆ ಪಾರ್ಟಿಷನ್ ನೋಂದಣಿ ಆಗುತ್ತದೆ. ನನ್ನ ದೊಡ್ಡ ಎಡವಟ್ಟು ಆಗಿದ್ದು ಇಲ್ಲೇ. ಆ ಕ್ರಿಯೇಟ್ ವಾಕ್ಯದ ಲೊಕೇಷನ್ ಸಾಲಿನಲ್ಲಿ ಹಳೆಯ ನೇಮ್‌ನೋಡ್ (ಎಚ್‌ಡಿಎಫ್‌ಎಸ್‌ನ ಮುಖ್ಯ ಸರ್ವರ್) ಹೆಸರು ಪೂರ್ತಿಯಾಗಿ ಇರುತ್ತದೆ. ಒಂದು ಟೇಬಲ್‌ಗೆ ಅದನ್ನು ತಿದ್ದಲು ಮರೆತೆ. ಕ್ವೆರಿ ಓಡಿತು, ಎಣಿಕೆ ಸರಿಬಂತು, ಎಲ್ಲರೂ ಖುಷಿ. ಸ್ವಲ್ಪ ನಿಧಾನ ಅನ್ನಿಸಿತು, ಅಷ್ಟೇ. ಹಳೆಯ ಕ್ಲಸ್ಟರ್ ಆಫ್ ಮಾಡಿದ ದಿನ ಹೊಸ ಕ್ಲಸ್ಟರ್‌ನ ಟೇಬಲ್ ಸತ್ತಿತು. ಅಷ್ಟು ದಿನ ಅದು ಹಳೆಯ ಮನೆಯಿಂದಲೇ ಊಟ ತರಿಸಿಕೊಳ್ಳುತ್ತಿತ್ತು. ಪುಣ್ಯಕ್ಕೆ ಅದು ಎಕ್ಸ್‌ಟರ್ನಲ್ ಟೇಬಲ್, ಅಂದರೆ ಡ್ರಾಪ್ ಮಾಡಿದರೂ ಹೈವ್ ಅದರ ಫೈಲ್ ಅಳಿಸುವುದಿಲ್ಲ. ಮ್ಯಾನೇಜ್ಡ್ (ಫೈಲ್ ಕೂಡ ಹೈವ್‌ನ ಕೈಯಲ್ಲೇ ಇರುವ ಟೇಬಲ್) ಆಗಿದ್ದು, ಯಾರಾದರೂ ಹೊಸ ಕಡೆ ಅದನ್ನು ಡ್ರಾಪ್ ಮಾಡಿದ್ದರೆ ಹಳೆಯ ಕಡೆಯ ಡೇಟಾನೇ ಹೋಗಿರುತ್ತಿತ್ತು.

ಡಿಸ್ಟ್‌ಸಿಪಿ ಕೈಚೆಲ್ಲುವ ಜಾಗವೂ ಒಂದಿದೆ: ಟ್ರಾನ್ಸಾಕ್ಷನಲ್ ಟೇಬಲ್, ಅಂದರೆ ಸಾಲುಗಳನ್ನು ತಿದ್ದುವ, ಅಳಿಸುವ ಲೆಕ್ಕವನ್ನೂ ಹೈವ್ ಇಡುವ ಟೇಬಲ್. ಇಂಥದ್ದೊಂದನ್ನು ಹಾಗೇ ಕಾಪಿ ಮಾಡಿ ಎಣಿಸಿದೆ. ಉತ್ತರ 0. ಫೋಲ್ಡರ್ ನೋಡಿದರೆ ಡೆಲ್ಟಾ ಫೈಲ್‌ಗಳೆಲ್ಲ (ಪ್ರತಿ ಬದಲಾವಣೆಯನ್ನು ಇಡುವ ಫೈಲ್‌ಗಳು) ಭದ್ರವಾಗಿವೆ. ಡೆಲ್ಟಾ ಫೋಲ್ಡರ್ ಹೆಸರಿನಲ್ಲೇ ರೈಟ್ ಐಡಿ (ಆ ಬರವಣಿಗೆಗೆ ಮೆಟಾಸ್ಟೋರ್ ಕೊಟ್ಟ ನಂಬರ್) ಇರುತ್ತದೆ. ಹೊಸ ಮೆಟಾಸ್ಟೋರ್ ಆ ನಂಬರನ್ನು ಯಾರಿಗೂ ಕೊಟ್ಟೇ ಇಲ್ಲ. ಹಾಗಾಗಿ ಓದುವಾಗ ಅದು ಆ ಫೈಲ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರರ್ ಕೂಡ ಕೊಡಲ್ಲ, ಅದೇ ಕಷ್ಟ.

ಇಂಥ ಟೇಬಲ್‌ಗಳಿಗೆ ನಾಲ್ಕನೆಯ ದಾರಿ, ಹೈವ್‌ನದ್ದೇ ನಕಲು ಆಜ್ಞೆಗಳಾದ 'ರೆಪ್ಲ್ ಡಂಪ್' ಮತ್ತು 'ರೆಪ್ಲ್ ಲೋಡ್'. ಇದು ಟ್ರಾನ್ಸಾಕ್ಷನ್ ಲೆಕ್ಕವನ್ನೂ ಜೊತೆಗೆ ಒಯ್ಯುತ್ತದೆ. ಮೊದಲು ಪೂರ್ತಿ ಡಂಪ್, ಆಮೇಲೆ ಬದಲಾದಷ್ಟು ಮಾತ್ರ. ಹಳೆಯ ಕಡೆ ಬರೆಯುವುದು ನಿಲ್ಲಿಸದೆಯೇ ಸಾಗಿಸಬಹುದು. ಆದರೆ ಮೆಟಾಸ್ಟೋರ್‌ನಲ್ಲಿ ಈವೆಂಟ್ ಲಿಸನರ್ (ಬದಲಾವಣೆಗಳನ್ನು ಬರೆದಿಡುವ ಭಾಗ) ಮೊದಲೇ ಹಾಕಿರಬೇಕು. ಹಳೆಯ ಈವೆಂಟ್‌ಗಳು ಅಳಿಸಿಹೋಗುವಷ್ಟು ದಿನ ಸುಮ್ಮನಿದ್ದರೆ ಮತ್ತೆ ಪೂರ್ತಿ ಡಂಪ್ ಮಾಡಬೇಕು. ಸಿದ್ಧತೆ ಜಾಸ್ತಿ. ನಾಲ್ಕೈದು ಟೇಬಲ್‌ಗೋಸ್ಕರ ಇಷ್ಟು ಗುದ್ದಾಡುವ ಬದಲು ಅವನ್ನು ಎಕ್ಸ್‌ಪೋರ್ಟ್ ಮಾಡಿಬಿಟ್ಟೆ.

ಈಗ ನನ್ನ ರೂಢಿ ಹೀಗಿದೆ. ದೊಡ್ಡ ಎಕ್ಸ್‌ಟರ್ನಲ್ ಟೇಬಲ್‌ಗಳಿಗೆಲ್ಲ ಡಿಸ್ಟ್‌ಸಿಪಿ, ಚಿಕ್ಕವಕ್ಕೆ ಎಕ್ಸ್‌ಪೋರ್ಟ್. ಎಣಿಸುವ ಮೊದಲು, ಸ್ಟ್ಯಾಟಿಸ್ಟಿಕ್ಸ್ ನೋಡಿ ಉತ್ತರ ಹೇಳುವ ಹೈವ್ ಸೆಟ್ಟಿಂಗ್ ಆಫ್ ಮಾಡುತ್ತೇನೆ. ಇಲ್ಲದಿದ್ದರೆ ಅದು ಫೈಲ್ ಮುಟ್ಟದೆಯೇ ಮೆಟಾಸ್ಟೋರ್‌ನ ಹಳೆಯ ಸಂಖ್ಯೆಯನ್ನು ಓದಿ ಹೇಳಬಹುದು. ಕೊನೆಗೆ ಪ್ರತಿ ಟೇಬಲ್‌ನ 'ಡಿಸ್ಕ್ರೈಬ್ ಫಾರ್ಮ್ಯಾಟೆಡ್' ಉತ್ತರದಲ್ಲಿ ಹಳೆಯ ನೇಮ್‌ನೋಡ್ ಹೆಸರನ್ನು ಗ್ರೆಪ್ ಮಾಡಿ ಹುಡುಕುತ್ತೇನೆ. ಲೊಕೇಷನ್ ಸಾಲು ಒಂದನ್ನೇ ನೋಡಿದರೆ ಸಾಲದು. ಮೊನ್ನೆ ಆವ್ರೋ ಎಂಬ ಫೈಲ್ ಮಾದರಿಯ ಒಂದು ಟೇಬಲ್‌ನಲ್ಲಿ ಲೊಕೇಷನ್ ಸರಿಯಾಗೇ ಇತ್ತು, ಕಾಲಂಗಳ ವಿವರ ಇರುವ ಸ್ಕೀಮಾ ಫೈಲ್‌ನ ಯುಆರ್‌ಎಲ್ ಮಾತ್ರ ಇನ್ನೂ ಹಳೆಯ ಕ್ಲಸ್ಟರನ್ನೇ ತೋರಿಸುತ್ತಿತ್ತು.