ಕಡಕ್ ರೊಟ್ಟಿ ತಿನ್ನುವ ಹಲ್ಲಿಗೆ ಯಾವ ಕ್ಯಾಪ್?

ಮೊದಲೇ ಹೇಳಿಬಿಡುತ್ತೇನೆ, ದವಡೆ ಹಲ್ಲಿಗೆ ನನ್ನ ಓಟು ಜಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ಸೆರಾಮಿಕ್ಕಿಗೆ. ಎರಡು ಹಲ್ಲಿಗೆ ಮೂರು ಕ್ಯಾಪಿನ ದುಡ್ಡು ಕೊಟ್ಟು ಕಲಿತದ್ದಿದು.

ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆದ ಮೇಲೆ ಲೋಹದ ಮೇಲೆ ಸೆರಾಮಿಕ್ ಕೂರಿಸಿದ ಕ್ಯಾಪ್ ಹಾಕಿಸಿದೆ. 3,500 ರೂಪಾಯಿ, ಅದಕ್ಕೇ ಆರಿಸಿದ್ದು. ಎರಡು ವರ್ಷ ತಕರಾರಿರಲಿಲ್ಲ. ಆಮೇಲೆ ಬನಶಂಕರಿ ಜಾತ್ರೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಕಟಕ್ ಅಂತು. ರೊಟ್ಟಿಯದೇ ಸದ್ದು ಅಂದುಕೊಂಡೆ. ಕೈಗೆ ಬಂದದ್ದು ನುಚ್ಚಿನಷ್ಟು ಬಿಳಿ ಚೂರು.

ಲೋಹಕ್ಕೆ ಏನೂ ಆಗಿರಲಿಲ್ಲ. ಮೇಲಿನ ಸೆರಾಮಿಕ್, ಅಂದರೆ ಪೋರ್ಸಲಿನ್ ಪದರ ಸಿಡಿದಿತ್ತು. ಅದು ಗಾಜಿನ ಜಾತಿ, ಒಳಗೆ ಲೋಹ ಎಷ್ಟೇ ಗಟ್ಟಿ ಇದ್ದರೂ ಸಿಡಿಯಬಹುದು. ಸಿಡಿದ ಅಂಚು ಬ್ಲೇಡಿನಂಗೆ. ನಾಲಿಗೆ ಸುಮ್ನೆ ಇರಬೇಕಲ್ಲ, ದಿನವಿಡೀ ಅಲ್ಲಿಗೇ ಹೋಗಿ ಗಾಯ ಮಾಡಿಕೊಂಡು ಬರುತ್ತಿತ್ತು. ಡಾಕ್ಟರು ಅಂಚು ಉಜ್ಜಿ ಫಿಲ್ಲಿಂಗ್ ಮೆತ್ತಿದರು. ಹದಿನೈದೇ ದಿನ, ಅಮೀನಗಡದ ಕರದಂಟು ಅದನ್ನೂ ಎಳೆದುಕೊಂಡು ಹೋಯಿತು. "ಕಡಕ್ ರೊಟ್ಟಿ ಬಿಡ್ರಿ" ಅಂದರು. "ಅದನ್ನ ಬಿಟ್ಟು ಬಾಗಲಕೋಟ್ಯಾಗ ಹೆಂಗ್ ಇರೋದ್ರೀ?" ಅಂದೆ. ಕೊನೆಗೆ ಕ್ಯಾಪನ್ನು ಕೊಯ್ದೇ ತೆಗೆದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಅದೇ ಹಲ್ಲಿಗೆ ಈಗ ಜಿರ್ಕೋನಿಯಾ, 8,000. ಪೂರ್ತಿ ಒಂದೇ ಗಟ್ಟಿಯಿಂದ ಕೊರೆದದ್ದೇ ಬೇಕು ಅಂತ ಕೇಳಿ ಹಾಕಿಸಿದೆ. ಇದರ ಮೇಲೂ ಪೋರ್ಸಲಿನ್ ಪದರ ಕೂರಿಸುವುದುಂಟು, ಆಗ ಮತ್ತೆ ಸಿಡಿಯುವ ಭಯ. ಲ್ಯಾಬಿನವರು ದೊಡ್ಡದಾಗಿ ಕೊರೆದು ಸುಮಾರು 1,500 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಆಗ ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿ ಅಳತೆಗೆ ಬರುತ್ತದೆ. ನನ್ನದು ಕೂದಲೆಳೆಯಷ್ಟು ಎತ್ತರ ಕೂತಿತ್ತು. ಎತ್ತರದ ಜಾಗಕ್ಕೆ ಗುರುತು ಬೀಳಲಿ ಅಂತ ನೀಲಿ ಕಾಗದ ಕಚ್ಚಿಸಿ ಉಜ್ಜಿದರು. ಉಜ್ಜಿದ ಜಾಗಕ್ಕೆ ಪಾಲಿಶ್ ಆಗಲೇಬೇಕು. ಒರಟು ಬಿಟ್ಟರೆ ಎದುರಿನ ಹಲ್ಲು ಸವೆಯುತ್ತದೆ.

ಮುಂದಿನ ಹಲ್ಲಿನ ಮಾತು ಬೇರೆ. ಅಲ್ಲಿ ಲಿಥಿಯಂ ಡೈಸಿಲಿಕೇಟ್ ಅನ್ನುವ ಗಾಜಿನ ಜಾತಿಯ ಸೆರಾಮಿಕ್ ಹಾಕಿಸಿದ್ದೇನೆ, ಇಮ್ಯಾಕ್ಸ್ ಅಂತಾರಲ್ಲ, ಅದು. ಬೆಳಕು ಒಳಗೆ ಹಾಯುತ್ತದೆ, ಪಕ್ಕದ ಹಲ್ಲಿಗೂ ಅದಕ್ಕೂ ವ್ಯತ್ಯಾಸ ಹೆಂಡತಿಗೂ ಗೊತ್ತಾಗಲಿಲ್ಲ. ಆದರೆ ಬಾಗಿಸಿದರೆ ಮುರಿಯದೆ ತಡೆಯುವ ಬಲ ಸುಮಾರು 400 ಮೆಗಾಪ್ಯಾಸ್ಕಲ್. ಗಟ್ಟಿ ಜಾತಿಯ ಜಿರ್ಕೋನಿಯಾದ್ದು 1,000ದ ಆಸುಪಾಸು. ಜಿರ್ಕೋನಿಯಾದಲ್ಲೂ ಬೆಳಕು ಜಾಸ್ತಿ ಹಾಯುವ ಬಗೆ ಇದೆ, ಬೆಳಕು ಹಾಯುವುದು ಏರಿದಂತೆ ಬಲ ಇಳಿಯುತ್ತದೆ. ದವಡೆಯಲ್ಲಿ ಚೆಂದ ಯಾರು ನೋಡ್ತಾರೆ, ಅಲ್ವಾ?

ಬಲಗಡೆಯ ದವಡೆಯೂ ಈಗ ಜುಂ ಅನ್ನುತ್ತಿದೆ. ಅದಕ್ಕೂ ಜಿರ್ಕೋನಿಯಾನೇ. ಈ ಸಲ ಪಾಲಿಶ್ ಆದ ಮೇಲೆ ನಾಲಿಗೆ ಆಡಿಸಿ ನೋಡದೆ ಕುರ್ಚಿ ಬಿಟ್ಟು ಏಳುವುದಿಲ್ಲ.