ಯಾವ ವರ್ಷ ಬೇಕು ಹೇಳಿ, ಹಾಕಿಕೊಡ್ತೀವಿ ಅಂದರು! ಇತಿಹಾಸದ ವಿದ್ಯಾರ್ಥಿಗಳೇ, ಹುಷಾರು

ಎಂಎ ಇತಿಹಾಸ ಓದುತ್ತಿರುವವರು, ಡೆಸರ್ಟೇಷನ್ ಬರೆಯುತ್ತಿರುವವರು, ಪಿಎಚ್‌ಡಿಗೆ ಸೇರಿ ರೆಫರೆನ್ಸ್‌ಗೆ ಪರದಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ವಾಟ್ಸಾಪ್‌ಗೂ ಆ ಪೋಸ್ಟರ್ ಬಂದಿರಬಹುದು. "ಇತಿಹಾಸ ಸಂಶೋಧನಾ ಪ್ಯಾಕೇಜ್. ಶಾಸನ, ಗೆಜೆಟಿಯರ್, ಅಪರೂಪದ ಪುಸ್ತಕ, ರೆಡಿ ರೆಫರೆನ್ಸ್. ಎಲ್ಲಾ ಒಂದೇ ಲಿಂಕ್‌ನಲ್ಲಿ. 2,499 ಮಾತ್ರ." ದುಡ್ಡು ಕಳಿಸಬೇಡಿ. ಒಂದು ರೂಪಾಯಿನೂ ಕಳಿಸಬೇಡಿ.

ನಾನು ಮದ್ದೂರು ಕಡೆಯವಳು, ಮೈಸೂರಿನಲ್ಲಿ ಎಂಎ ಓದುತ್ತಿದ್ದೇನೆ. ನನ್ನ ವಿಷಯ ಮಂಡ್ಯ ಜಿಲ್ಲೆಯ ವೀರಗಲ್ಲುಗಳು. ಶಾಸನ ಸಂಪುಟಗಳನ್ನು ಲೈಬ್ರರಿಯಿಂದ ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಡಬೇಕು. ಇಂಟರ್ನಲ್ಸ್ ಒಂದು ಕಡೆ, ಸೆಮಿನಾರ್ ಇನ್ನೊಂದು ಕಡೆ. ಅಷ್ಟರಲ್ಲಿ ಈ ಪೋಸ್ಟರ್ ಬಂತು. ನಮ್ಮ ಬ್ಯಾಚಿನ ಗ್ರೂಪಿಗೇ ಬಂತು, ಯಾರು ಹಾಕಿದರೋ ಇವತ್ತಿಗೂ ಗೊತ್ತಾಗಿಲ್ಲ.

ಫೋನ್ ಮಾಡಿದೆ. ಎಷ್ಟು ಮರ್ಯಾದೆ ಗೊತ್ತಾ? "ಹೇಳಿ ಮೇಡಂ, ಯಾವ ಟಾಪಿಕ್ ಮೇಡಂ, ನಮ್ಮ ಟೀಮ್‌ನಲ್ಲಿ ಎಲ್ಲರೂ ಪಿಎಚ್‌ಡಿ ಮಾಡಿರೋರೇ ಮೇಡಂ." ಸ್ಯಾಂಪಲ್ ಕೇಳಿದೆ. ಐದು ನಿಮಿಷದಲ್ಲಿ ಎರಡು ಪುಟ ಕಳಿಸಿದರು. ಆತಕೂರಿನ ಶಾಸನದ ಬಗ್ಗೆ. ಶಕ 872, ತಕ್ಕೋಲದ ಕಾಳಗ, ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದದ್ದು, ಆ ಯುದ್ಧದಲ್ಲಿ ಹೋರಾಡಿದ ಮಣಲೇರ ಮೆಚ್ಚುಗೆಯಾಗಿ ಕಾಳಿ ಅನ್ನುವ ನಾಯಿಯನ್ನೇ ಕೇಳಿ ಪಡೆದದ್ದು, ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ ಹಂದಿಯನ್ನೂ ಕೊಂದು ತಾನೂ ಸತ್ತದ್ದು. ಒಂದಕ್ಷರ ತಪ್ಪಿರಲಿಲ್ಲ. ಆತಕೂರು ನಮ್ಮ ತಾಲ್ಲೂಕಿನದೇ ಊರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ, ಹೋಗಿ ನೋಡಿ ಬಂದಿದ್ದೇನೆ. ನನಗೆ ಗೊತ್ತಿರುವುದೆಲ್ಲ ಸರಿಯಾಗಿ ಇತ್ತು. ಮಿಕ್ಕಿದ್ದೂ ಸರಿ ಇರುತ್ತೆ ಅಂತ ನಂಬಿದೆ. ಅವರ ಆಟವೇ ಅದು. ಎಲ್ಲರಿಗೂ ಗೊತ್ತಿರುವ ಶಾಸನವನ್ನು ಸ್ಯಾಂಪಲ್ ಅಂತ ತೋರಿಸುತ್ತಾರೆ, ಯಾರಿಗೂ ಗೊತ್ತಿಲ್ಲದ್ದನ್ನು ಒಳಗೆ ತುಂಬುತ್ತಾರೆ.

ದುಡ್ಡು ಹೋದ ಮೇಲೆ ಲಿಂಕ್ ಬಂತು. ಒಳಗೆ ಎರಡು ಫೋಲ್ಡರ್.

ಒಂದರಲ್ಲಿ ಹಳೇ ಪುಸ್ತಕಗಳ ಪಿಡಿಎಫ್. ಬುಕಾನನ್ 1800ರಲ್ಲಿ ನಮ್ಮ ಸೀಮೆಯಲ್ಲೆಲ್ಲ ಓಡಾಡಿ ಬರೆದ, 1807ರಲ್ಲಿ ಅಚ್ಚಾದ ಮೂರು ಸಂಪುಟ. ಹಯವದನರಾಯರ ಮೈಸೂರು ಗೆಜೆಟಿಯರ್. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. ಇವೆಲ್ಲ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುವ ಪುಸ್ತಕಗಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಸ್ಕ್ಯಾನ್, ಅದೇ ಮಡಿಚಿದ ಮೂಲೆ, ಅದೇ ಲೈಬ್ರರಿ ಮುದ್ರೆ. ಯಾರು ಸ್ಕ್ಯಾನ್ ಮಾಡಿದ್ದು ಅಂತ ಹೇಳುವ ಮೊದಲ ಪುಟ ಕಿತ್ತುಹಾಕಿದ್ದಾರೆ. ಪ್ರತಿ ಪುಟದ ಮೇಲೂ ಓರೆಯಾಗಿ ತಮ್ಮ ಫೋನ್ ನಂಬರ್ ಒತ್ತಿದ್ದಾರೆ. 1936ರ ವರದಿ ಗೊತ್ತಲ್ವಾ, ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನ ಪ್ರಕಟಿಸಿದ ವರದಿ, ಅದರಲ್ಲಿ ಶಾಸನದ ಸಾಲುಗಳ ಮೇಲೆಯೇ ಆ ನಂಬರ್ ಬಿದ್ದಿದೆ. ಕೆಳಗಿನ ಅಕ್ಷರ ಓದಲು ಆಗುವುದಿಲ್ಲ. ಕನ್ನಡದ ಅಷ್ಟು ಹಳೇ ಶಾಸನದ ಮೇಲೆ ಇವರ ಮೊಬೈಲ್ ನಂಬರ್! ಹೊಟ್ಟೆ ಉರಿಯಿತು.

ಆದರೆ ನಿಜವಾದ ಮೋಸ ಇದಲ್ಲ. ಪುಕ್ಕಟೆ ಸಿಗೋದನ್ನು ಮಾರಿದ್ದರೆ ದುಡ್ಡು ಹೋಯಿತು ಅಂದುಕೊಂಡು ಸುಮ್ನಾಗುತ್ತಿದ್ದೆ.

ಎರಡನೇ ಫೋಲ್ಡರ್‌ನಲ್ಲಿ "ರೆಡಿ ರೆಫರೆನ್ಸ್" ಅಂತ ಟೈಪ್ ಮಾಡಿದ ಕಡತ ಇತ್ತು. ಮಂಡ್ಯ ಜಿಲ್ಲೆಯ ವೀರಗಲ್ಲುಗಳ ಪಟ್ಟಿ. ಊರು, ವೀರನ ಹೆಸರು, ಕಾಲ, ರಾಜ, ಶಾಸನದ ಪಾಠ, ಸಂಪುಟ, ಪುಟ. ಅಚ್ಚುಕಟ್ಟಾಗಿ ಟೇಬಲ್ ಮಾಡಿದ್ದರು. ಅದರಿಂದ ಕೆಲವನ್ನು ನನ್ನ ಮೊದಲ ಅಧ್ಯಾಯಕ್ಕೆ ತೆಗೆದುಕೊಂಡು ನಮ್ಮ ಗೈಡ್ ಸರ್ ಹತ್ತಿರ ಹೋದೆ.

ಸರ್ ಓದುತ್ತಾ ಹೋದರು. ಒಂದು ಅಡಿಟಿಪ್ಪಣಿಯ ಹತ್ತಿರ ಪೆನ್ ನಿಂತಿತು. ನಾಗಮಂಗಲ ತಾಲ್ಲೂಕಿನ ಒಂದು ವೀರಗಲ್ಲು. ಆಧಾರ: ನಮ್ಮ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ, ಮಂಡ್ಯ ಜಿಲ್ಲಾ ಸಂಪುಟ, 1894.

"ಏನಮ್ಮ ಇದು? 1894ರಲ್ಲಿ ಮಂಡ್ಯ ಜಿಲ್ಲೆ ಎಲ್ಲಿತ್ತು?"

ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅಲ್ಲಿಯವರೆಗೆ ಅದೆಲ್ಲ ಮೈಸೂರು ಜಿಲ್ಲೆ. ನಾನು ಮಂಡ್ಯದ ಹುಡುಗಿ. ಮುಖ ಎತ್ತಲು ಆಗಲಿಲ್ಲ. ಪಕ್ಕದಲ್ಲಿ ಜೂನಿಯರ್‌ಗಳು ಕೂತಿದ್ದರು. ಸರ್ ಬೈಯಲಿಲ್ಲ. ಎದ್ದು ಹೋಗಿ ಕಪಾಟಿನಿಂದ, ಆ ಮಾಲೆಯನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಎರಡು ಹಳೇ ಸಂಪುಟ ತಂದು ಮೇಜಿನ ಮೇಲಿಟ್ಟರು. ಮೂರನೇ ಸಂಪುಟ 1894ರದ್ದು, ಅದರಲ್ಲಿ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ ಇವೆಲ್ಲ ಬರುತ್ತವೆ. ನಾಗಮಂಗಲ ಬರುವುದು ನಾಲ್ಕನೇ ಸಂಪುಟದಲ್ಲಿ, ಅದು 1898. "ಹುಡುಕು" ಅಂದರು. ಹುಡುಕಿದೆ. ಎರಡರಲ್ಲೂ ಹುಡುಕಿದೆ. ಆ ಕಲ್ಲು ಇಲ್ಲ. ಆ ವೀರ ಇಲ್ಲ. ಪುಟದ ಸಂಖ್ಯೆಯೂ ಬೇರೆ ಯಾವುದಕ್ಕೋ ಸೇರಿದ್ದು.

ಆಮೇಲೆ ಸರ್ ಆ ಶಾಸನದ ಪಾಠ ಓದಿದರು. "ನೋಡು, ಹತ್ತನೇ ಶತಮಾನದ್ದು ಅಂತ ಹಾಕಿದೀಯ. ಇಷ್ಟು ಸಾಲಿನಲ್ಲಿ ಹಳಗನ್ನಡದ ಅಕ್ಷರ ಒಂದು ಱ ಇಲ್ಲ, ಒಂದು ೞ ಇಲ್ಲ. ಇದು ಮೊನ್ನೆ ಯಾರೋ ಕೂತು ಬರೆದ ಕನ್ನಡ." ಅದರ ಕೆಳಗೆ ಶಕವರ್ಷ 890, ಕ್ರಿ.ಶ. 1012 ಅಂತ ಇತ್ತು. ಶಕವರ್ಷಕ್ಕೆ 78 ಕೂಡಿಸಿದರೆ 968 ಬರಬೇಕು, ಅಲ್ವಾ? ಲೆಕ್ಕವೂ ಸುಳ್ಳು, ಪಾಠವೂ ಸುಳ್ಳು, ಕಲ್ಲೂ ಸುಳ್ಳು. ಒಂದೊಂದೇ ತೆಗೆದು ನೋಡುತ್ತಾ ಹೋದಂತೆ ನನ್ನ ಕೈ ನಡುಗುತ್ತಿತ್ತು. ಅಷ್ಟು ಜನರ ಎದುರು ಸುಳ್ಳು ಶಾಸನ ತಂದವಳು ಅನ್ನಿಸಿಕೊಂಡೆನಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ಆ ಊರಿನ ಪಕ್ಕದಲ್ಲೇ ನಮ್ಮ ಸೋದರಮಾವ ಇದ್ದಾರೆ. ಕಲ್ಲು ವೀರಭದ್ರನ ಗುಡಿ ಮುಂದೆ ಇದೆ ಅಂತ ಆ ಪಟ್ಟಿಯಲ್ಲಿತ್ತು. ಫೋನ್ ಮಾಡಿ ಕೇಳಿದೆ, ವೀರಭದ್ರನ ಗುಡಿ ಮುಂದೆ ಒಂದು ವೀರಗಲ್ಲು ಇದೆಯಾ ಮಾವ ಅಂತ. "ಆ ಊರಲ್ಲಿ ವೀರಭದ್ರನ ಗುಡಿನೇ ಇಲ್ವಲ್ಲ ಕಣವ್ವ" ಅಂದರು.

ಈಗ ಅವರ ಉತ್ತರಗಳನ್ನು ಕೇಳಿ. ಇವನ್ನು ಎಲ್ಲರೂ ಓದಲೇಬೇಕು.

ಮೊದಲು ಮೆಸೇಜ್ ಹಾಕಿದೆ: ಈ ಶಾಸನ ಯಾವ ಸಂಪುಟದಲ್ಲೂ ಇಲ್ಲ, ಎಲ್ಲಿಂದ ತಂದಿರಿ? "ಮೇಡಂ, ನಿಮ್ಮ ಗೈಡ್‌ಗೆ ಹಳೇ ಎಡಿಷನ್ ಗೊತ್ತಿಲ್ಲ ಅನ್ಸುತ್ತೆ." ಹಳೇ ಎಡಿಷನ್ನೇ ತೆಗೆದು ನೋಡಿದ್ದು ಅಂತ ಫೋಟೊ ಕಳಿಸಿದೆ. "ಹಾಗಾದ್ರೆ ಹೊಸ ಎಡಿಷನ್‌ನಲ್ಲಿ ಇರುತ್ತೆ ಮೇಡಂ." ಹೊಸ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದಿದೆ. ಮಂಡ್ಯ ಜಿಲ್ಲೆ ಬರುವುದು ಆರು ಮತ್ತು ಏಳರಲ್ಲಿ. ಅವೂ ಅದೇ ಕಪಾಟಿನಲ್ಲಿದ್ದವು. ಅವುಗಳಲ್ಲೂ ಇಲ್ಲ. ಅದನ್ನೂ ಹೇಳಿದೆ.

ಶಕವರ್ಷ, ಕ್ರಿಸ್ತಶಕ ತಾಳೆ ಆಗುತ್ತಿಲ್ಲ ಅಂತ ಬರೆದೆ. ಅದಕ್ಕೆ ಬಂದ ಉತ್ತರ ಇದು. ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ:

"ಯಾವ ವರ್ಷ ಬೇಕು ಹೇಳಿ ಮೇಡಂ, ಚೇಂಜ್ ಮಾಡಿ ಕಳಿಸ್ತೀವಿ."

ಯಾವ ವರ್ಷ ಬೇಕು ಹೇಳಿ! ಹಸು ಕಾಯಲು ಹೋಗಿ ಸತ್ತವನಿಗೆ, ಊರು ಉಳಿಸಲು ಹೋಗಿ ಸತ್ತವನಿಗೆ ಜನ ಕಲ್ಲು ನಿಲ್ಲಿಸಿದರು. ಸಾವಿರ ವರ್ಷ ಮಳೆ ಬಿಸಿಲಲ್ಲಿ ನಿಂತ ಆ ಕಲ್ಲುಗಳ ವರ್ಷವನ್ನು ಇವರು ಗಿರಾಕಿ ಕೇಳಿದ ಹಾಗೆ ಬದಲಾಯಿಸಿ ಕೊಡುತ್ತಾರಂತೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಈಗ ಬರೆಯುವಾಗಲೂ ಸಿಟ್ಟು ಬರುತ್ತಿದೆ.

ದುಡ್ಡು ವಾಪಸ್ ಕೊಡಿ ಅಂದೆ. ಮೇಡಂ ಅಲ್ಲಿಗೆ ಮುಗಿಯಿತು. "ನೋಡಮ್ಮ, ಡಿಜಿಟಲ್ ಐಟಂಗೆ ರೀಫಂಡ್ ಇಲ್ಲ." ಪೊಲೀಸಿಗೆ ಕೊಡುತ್ತೇನೆ ಅಂದೆ. "ಕೊಡು. ಇದನ್ನೇ ಹಾಕಿ ಎಷ್ಟೋ ಜನ ಪಾಸಾಗಿದ್ದಾರೆ, ನಿನಗೊಬ್ಬಳಿಗೇ ಪ್ರಾಬ್ಲಂ." ಅದಾದ ಮೇಲೆ ಇನ್ನೊಂದು: "ಒರಿಜಿನಲ್ ರೆಫರೆನ್ಸ್ ಬೇಕು ಅಂದ್ರೆ ಪ್ರೀಮಿಯಂ ಪ್ಯಾಕ್ ತಗೋಬೇಕು, 5,999." ಅಂದರೆ ನನಗೆ ಕೊಟ್ಟಿದ್ದು ಒರಿಜಿನಲ್ ಅಲ್ಲ ಅಂತ ಅವರ ಬಾಯಿಂದಲೇ ಬಂತು. ಇದಾದ ಮೇಲೆ ಬ್ಲಾಕ್.

ಸರಸ್ವತಿಪುರಂನಲ್ಲಿ ಆಫೀಸ್ ಇದೆ ಅಂತ ಅಡ್ರೆಸ್ ಕೊಟ್ಟಿದ್ದರು. ಹೋದೆ. ಅಲ್ಲಿರುವುದು ಜೆರಾಕ್ಸ್ ಅಂಗಡಿ, ಪಾಪ ಅವರಿಗೆ ಇವರು ಯಾರೆಂದೇ ಗೊತ್ತಿಲ್ಲ.

"ಇದನ್ನೇ ಹಾಕಿ ಎಷ್ಟೋ ಜನ ಪಾಸಾಗಿದ್ದಾರೆ" ಅನ್ನುವ ಮಾತೇ ನನ್ನನ್ನು ಜಾಸ್ತಿ ಕಾಡುತ್ತಿರುವುದು. ನಿಜ ಇದ್ದರೆ? ಎಷ್ಟು ಡೆಸರ್ಟೇಷನ್‌ಗಳಲ್ಲಿ ಈ ಇಲ್ಲದ ಕಲ್ಲುಗಳು ಕೂತಿವೆ? ನಾಳೆ ಇನ್ನೊಬ್ಬರು ಅದನ್ನು ನೋಡಿ ತಮ್ಮ ಥೀಸಿಸ್‌ಗೆ ಹಾಕುತ್ತಾರೆ. ಅದನ್ನು ನೋಡಿ ಇನ್ನೊಬ್ಬರು ಪುಸ್ತಕ ಬರೆಯುತ್ತಾರೆ. ಆಮೇಲೆ ಇದು ಸುಳ್ಳು ಅಂದರೆ ಯಾರು ನಂಬುತ್ತಾರೆ?

ಇಷ್ಟಕ್ಕೂ ದುಡ್ಡು ಕೊಡಬೇಕಾದ ಅಗತ್ಯವೇ ಇಲ್ಲ, ಅದಕ್ಕೇ ಇನ್ನೂ ಸಿಟ್ಟು. ರೈಸ್ ಅವರ ಹಳೇ ಸಂಪುಟಗಳು, ಪುರಾತತ್ವ ವರದಿಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿವೆ. ಕನ್ನಡದಲ್ಲಿ ಹುಡುಕಿದರೆ ಸಿಗದೇ ಹೋಗಬಹುದು, ಪುಸ್ತಕದ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ, ಅಧ್ಯಾಯ ಅಧ್ಯಾಯವಾಗಿ ಇಳಿಸಿಕೊಳ್ಳಬಹುದು. ಆದರೆ ಅಲ್ಲಿನ ಅಡಿಟಿಪ್ಪಣಿಯನ್ನೂ ಮೂಲಕ್ಕೆ ಹೋಗಿ ನೋಡಿ, ಹಾಗೇ ಎತ್ತಿಕೊಳ್ಳಬೇಡಿ. ಬ್ರಿಟಿಷರ ಕಾಲದ ಸರ್ಕಾರಿ ಕಾಗದಪತ್ರಗಳಿಗೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್. ಹಳೇ ಪುಸ್ತಕ, ಗೆಜೆಟಿಯರ್‌ಗಳಿಗೆ ಸಂಸ್ಕೃತಿ ಸಚಿವಾಲಯದ ಇಂಡಿಯನ್ ಕಲ್ಚರ್ ಪೋರ್ಟಲ್. ಕನ್ನಡದಲ್ಲೇ ಓದಬೇಕು ಅಂದರೆ ಕಣಜ, ಭಾರತವಾಣಿ. ಇನ್ನು ಮೈಸೂರಿನಲ್ಲಿ ಇರುವವರಿಗಂತೂ ಕೇಳಬೇಕಾ? ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇಲ್ಲೇ ಇದೆ. ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇಲ್ಲೇ ಇದೆ. ಇವೆಲ್ಲ ಇರುವ ಊರಿನಲ್ಲೇ ನಮ್ಮಂಥವರನ್ನು ಹಿಡಿದು ಸುಳ್ಳು ಶಾಸನ ಮಾರುತ್ತಾರೆ ಅಂದರೆ ಅವರ ಧೈರ್ಯ ಎಷ್ಟಿರಬೇಕು!

ಯಾರೇ ಟೈಪ್ ಮಾಡಿದ ಶಾಸನ ಕೊಟ್ಟರೂ ಅಚ್ಚಾದ ಪುಟದ ಫೋಟೊ ಕೇಳಿ. ಸಂಪುಟದ ಹೆಸರು ಕಾಣುವ ಪುಟವನ್ನೂ ಕೇಳಿ. ಕೊಡಲಿಲ್ಲ ಅಂದರೆ ಮಾತು ಮುಗಿಯಿತು. ಹಳೇ ಸಂಪುಟಕ್ಕೂ ಹೊಸದಕ್ಕೂ ನಂಬರ್ ಬೇರೆ ಬೇರೆ ಇರುತ್ತದೆ, ಅದನ್ನೇ ಇವರು ನೆಪ ಮಾಡಿಕೊಳ್ಳುತ್ತಾರೆ. ಆತಕೂರಿನದೇ ರೈಸ್ ಅವರಲ್ಲಿ ಮಂಡ್ಯ ತಾಲ್ಲೂಕಿನ 41ನೇ ಶಾಸನ, ಹೊಸದರಲ್ಲಿ ಮದ್ದೂರು ತಾಲ್ಲೂಕಿನ ಕೆಳಗೆ ಬರುತ್ತದೆ. ಹಾಗಾಗಿ ಯಾವ ಆವೃತ್ತಿ ಅಂತ ಮೊದಲೇ ಕೇಳಿಬಿಡಿ, ಅಲ್ಲೇ ತಡವರಿಸುತ್ತಾರೆ.

ದುಡ್ಡು ಕಳಿಸಿ ಆಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಚಾಟ್ ಡಿಲೀಟ್ ಮಾಡಬೇಡಿ. ನಾನೂ ದೂರು ಕೊಟ್ಟಿದ್ದೇನೆ, ಚಾಟ್ ಪೂರ್ತಿ ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ. ಅಧ್ಯಾಯವನ್ನು ಮೊದಲಿಂದ ಬರೆಯುತ್ತಿದ್ದೇನೆ, ಪ್ರತಿ ಕಲ್ಲಿಗೂ ಅಚ್ಚಾದ ಪುಟ ತೆಗೆದು ನೋಡಿಕೊಂಡು.

ಅವರು ಈಗ ನಂಬರ್ ಬದಲಾಯಿಸಿದ್ದಾರೆ, ಹೆಸರೂ ಬದಲಾಯಿಸಿದ್ದಾರೆ. ಮೊನ್ನೆ ಜೂನಿಯರ್ ಒಬ್ಬಳು ಹೊಸ ಪೋಸ್ಟರ್ ತೋರಿಸಿದಳು. ಬಣ್ಣ ಬೇರೆ, ರೇಟ್ 2,999 ಆಗಿದೆ, "ವೆರಿಫೈಡ್ ಶಾಸನಗಳು" ಅಂತ ಒಂದು ಸಾಲು ಸೇರಿಸಿದ್ದಾರೆ. ಸ್ಯಾಂಪಲ್ ಮಾತ್ರ ಅದೇ ಎರಡು ಪುಟ. ನಿಮ್ಮ ಗ್ರೂಪಿಗೆ ಬಂದರೆ ಅಡ್ಮಿನ್‌ಗೆ ಹೇಳಿ ತೆಗೆಸಿ.