ಮಂಗ್ಳೂರಲ್ಲಿ ಬಿಎ ಸೈಕಾಲಜಿ: ಮೂರು ವರ್ಷ ರೈಲಲ್ಲಿ ಹೋಗಿ ಬಂದವಳ ರಿವ್ಯೂ

ಪ್ಲಸ್ ಟೂ ರಿಸಲ್ಟ್ ಬಂದ ಕೂಡ್ಲೆ ನಂಗೆ ಮೆಸೇಜ್ ಬರ್ಲಿಕ್ಕೆ ಶುರು ಆಗ್ತದೆ, ಅಕ್ಕಾ ಸೈಕಾಲಜಿ ಹೇಗುಂಟು, ಸ್ಕೋಪ್ ಉಂಟಾ, ಮಂಗ್ಳೂರಿಗೆ ಹೋಗುದಾ ಕಣ್ಣೂರಿಗೆ ಹೋಗುದಾ ಅಂತ. ಒಬ್ಬೊಬ್ರಿಗೆ ಟೈಪ್ ಮಾಡಿ ಮಾಡಿ ಸಾಕಾಯ್ತು ಮಾರಾಯ್ರೆ, ಹಾಗೆ ಒಟ್ಟಿಗೆ ಇಲ್ಲೇ ಬರೀತೇನೆ. ಐದರಲ್ಲಿ ಮೂರೂವರೆ ಸ್ಟಾರ್. ಕಾಲೇಜಿನ ಹೆಸರು ಕೇಳ್ಬೇಡಿ, ಹೇಳುದಿಲ್ಲ. ಬೇರೆ ಕಾಲೇಜಿನ ಫ್ರೆಂಡ್ಸ್ ಹತ್ರ ಕೇಳಿದ್ರೂ ಹೆಚ್ಚುಕಮ್ಮಿ ಇದೇ ಕಥೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬ್ಳೆ ಕಡೆಯವ್ಳು, ಹತ್ತನೇವರೆಗೆ ಕನ್ನಡ ಮೀಡಿಯಂ. 2021ರಲ್ಲಿ ಸೇರಿದ್ದು, ಅಂದ್ರೆ ಕರ್ನಾಟಕದಲ್ಲಿ ಎನ್‌ಇಪಿಯ (ಹೊಸ ರಾಷ್ಟ್ರೀಯ ಶಿಕ್ಷಣ ನೀತಿ) ಮೊದಲ ಬ್ಯಾಚು, ಸಿಲೆಬಸ್ ಎಂತ ಅಂತ ನಮ್ಗೂ ಗೊತ್ತಿಲ್ಲ ಲೆಕ್ಚರರ್‌ಗಳಿಗೂ ಸರಿ ಗೊತ್ತಿಲ್ಲ. ಸೈಕಾಲಜಿ ಜೊತೆಗೆ ಜರ್ನಲಿಸಂ ತಗೊಂಡಿದ್ದೆ. ಕೇರಳ ಬೋರ್ಡಲ್ಲಿ ಓದಿ ಬಂದವರಿಗೆ ಎಲಿಜಿಬಿಲಿಟಿ ಸರ್ಟಿಫಿಕೇಟು ಮೈಗ್ರೇಶನ್ನು ಅಂತ ಹೇಳಿ ಒಂದಷ್ಟು ಓಡಾಟ ಉಂಟು, ಅದಕ್ಕೆ ಮೊದಲೇ ತಯಾರಾಗಿ. ಈಗ ಸೇರುವವರ ಲೆಕ್ಕ ಇನ್ನೂ ತಮಾಷೆ. 2024ರಲ್ಲಿ ಕೇರಳದವರು ನಾಲ್ಕು ವರ್ಷದ ಡಿಗ್ರಿ ಶುರು ಮಾಡಿದ್ರು, ಬೇಕಾದ್ರೆ ಮೂರಕ್ಕೇ ಡಿಗ್ರಿ ತಗೊಂಡು ಹೊರಗೆ ಬರ್ಲಿಕ್ಕೂ ಆಗ್ತದೆ, ಅದೇ ವರ್ಷ ಕರ್ನಾಟಕದವರು ನಾಲ್ಕನ್ನು ಬಿಟ್ಟು ಮೂರಕ್ಕೆ ವಾಪಸ್ ಬಂದ್ರು. ತಲಪಾಡಿ ಗಡಿಯ ಆಚೆಗೊಂದು ಈಚೆಗೊಂದು. ಹಾಗಾಗಿ ಮುಂದೆ ಎಂಎಗೆ ಎಲ್ಲಿಗೆ ಹೋಗ್ಬೇಕು ಅಂತ ಮೊದಲು ನೋಡಿ, ಆಮೇಲೆ ಯಾವ ಬದಿ ಸೇರುದು ಅಂತ ಯೋಚಿಸಿ.

ಪ್ರಯಾಣದ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ಸೀಸನ್ ಟಿಕೆಟ್ ಮಾಡ್ಸಿದ್ರೆ ಬಸ್ಸಿಗಿಂತ ತುಂಬಾ ಲಾಭ. ನೇತ್ರಾವತಿ ಸೇತುವೆ ದಾಟಿತಲ್ಲಾ ಇನ್ನು ಬಂದೇ ಬಂತು ಅಂತ ಬ್ಯಾಗ್ ಹೆಗಲಿಗೆ ಹಾಕಿ ಬಾಗಿಲ ಹತ್ರ ಬಂದು ನಿಂತ್ರೆ ಗಾಡಿ ಔಟರಲ್ಲಿ ನಿಂತದ್ದು ನಿಂತೇ ಬಿಡ್ತದೆ, ಫಸ್ಟ್ ಅವರ್ ಅಟೆಂಡೆನ್ಸ್ ಹೋಗುದು ಅಲ್ಲೇ.

ಇನ್ನು ವಿಷಯಕ್ಕೆ ಬರ್ತೇನೆ. ಸೈಕಾಲಜಿ ಅಂದ್ರೆ ಎದುರಿದ್ದವರ ಮಂಡೆಯೊಳಗೆ ಎಂತ ಉಂಟು ಅಂತ ಗೊತ್ತಾಗ್ತದೆ ಅಂತ ನೀವು ಸೇರುದಾದ್ರೆ ದಯವಿಟ್ಟು ಸೇರ್ಬೇಡಿ. ಮೊದಲ ವರ್ಷ ಪೂರ್ತಿ ನರಕೋಶ, ಕಣ್ಣು, ಕಿವಿ, 1879ರಲ್ಲಿ ಲೈಪ್‌ಜಿಗ್‌ನಲ್ಲಿ ವುಂಟ್ ಅನ್ನುವವರು ಸೈಕಾಲಜಿ ಲ್ಯಾಬ್ ಶುರು ಮಾಡಿದ್ದು, ಪಾವ್ಲೋವನ ನಾಯಿ, ಸ್ಕಿನ್ನರನ ಪೆಟ್ಟಿಗೆ. ಆಮೇಲೆ ಸ್ಟಾಟಿಸ್ಟಿಕ್ಸ್. ಲೆಕ್ಕ ಬರುದಿಲ್ಲ ಅಂತ ಆರ್ಟ್ಸ್‌ಗೆ ಬಂದ ನನ್ನಂಥವ್ರೆಲ್ಲ ಸ್ಟಾಂಡರ್ಡ್ ಡೀವಿಯೇಶನ್ ನೋಡಿ ಒಬ್ರ ಮುಖ ಒಬ್ರು ನೋಡಿದ್ದು. ಫ್ರಾಯ್ಡ್ ಬಗ್ಗೆ ಎಲ್ರಿಗೂ ಆಸೆ ಇತ್ತು, ನಾಲ್ಕೇ ಕ್ಲಾಸಲ್ಲಿ ಮುಗೀತು.

ಮೂರೂವರೆಯಲ್ಲಿ ಎರಡು ಸ್ಟಾರು ನಾನು ಕೊಡುದು ಪ್ರಾಕ್ಟಿಕಲ್ ಲ್ಯಾಬಿಗೆ. ಹಳೇ ಮರದ ಕಪಾಟು, ಅದರೊಳಗೆ ಮಿರರ್ ಡ್ರಾಯಿಂಗಿನ ಪೆಟ್ಟಿಗೆ, ಮೇಝ್ ಬೋರ್ಡು, ಸ್ಟಾಪ್‌ವಾಚು. ಮಿರರ್ ಡ್ರಾಯಿಂಗಲ್ಲಿ ಕನ್ನಡಿಯೊಳಗೆ ನೋಡಿಕೊಂಡು ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸ್ಬೇಕು, ಮೊದಲ ಸಲ ಕೈ ಒಂದು ಕಡೆ ಹೇಳಿದ್ರೆ ಇನ್ನೊಂದು ಕಡೆ ಹೋಗ್ತದೆ, ಹತ್ತನೇ ಸಲಕ್ಕೆ ಸರಾಗ. ಆಮೇಲೆ ಇನ್ನೊಂದು ಕೈಯಲ್ಲಿ ಮಾಡಿ ನೋಡಿದ್ರೆ ಆ ಕೈಯೂ ಸ್ವಲ್ಪ ಕಲ್ತು ಬಿಟ್ಟಿರ್ತದೆ! ಪುಸ್ತಕದಲ್ಲಿ ಎಷ್ಟು ಪುಟ ಓದಿದ್ರೂ ನಂಬ್ತಿರ್ಲಿಲ್ಲ ನಾನು.

ಆದ್ರೆ ನಂಗೆ ನಿಜವಾಗಿ ಕಲಿಸಿದ್ದು ಮ್ಯೂಲರ್-ಲೈಯರ್ ಅನ್ನುವ ಕಣ್ಣಿಗೆ ಮೋಸ ಮಾಡುವ ಚಿತ್ರ. ಒಂದೇ ಉದ್ದದ ಎರಡು ಗೆರೆ, ಒಂದರ ತುದಿಗೆ ಬಾಣದ ಹಾಗೆ ಒಳಮುಖ ರೆಕ್ಕೆ, ಇನ್ನೊಂದಕ್ಕೆ ಹೊರಮುಖ, ಹೊರಮುಖದ್ದೇ ಉದ್ದ ಕಾಣುದು. ಗೊತ್ತಿದ್ರೂ ಹಾಗೇ ಕಾಣ್ತದೆ. ಪಟ್ಟಣದಲ್ಲಿ ಮೂಲೆ ಮೂಲೆಯ ಗೋಡೆ ಮಧ್ಯ ಬೆಳೆದವರಿಗೆ ಇದು ಹೆಚ್ಚು ಮೋಸ ಮಾಡ್ತದೆ, ಬೇರೆ ಥರದ ಜಾಗದಲ್ಲಿ ಬೆಳೆದವರಿಗೆ ಕಡಿಮೆ ಅಂತ 1966ರ ಒಂದು ದೊಡ್ಡ ಅಧ್ಯಯನ ಉಂಟು, ಕ್ಲಾಸಲ್ಲಿ ಕೇಳಿ ಬಂದವ್ಳು ಅದೇ ಉತ್ಸಾಹದಲ್ಲಿ ಮನೆಗೆ ಬಂದು ಅಡಿಕೆ ಸುಲಿತಾ ಕೂತಿದ್ದ ಅಜ್ಜಿಯ ಎದುರು ಚಿತ್ರ ಇಟ್ಟೆ. ಯಾವ್ದು ಉದ್ದ ಅಜ್ಜಿ? ಅಜ್ಜಿ ಕತ್ತಿ ಬದಿಗಿಟ್ರು, ಕನ್ನಡಕ ಸರಿ ಮಾಡಿಕೊಂಡ್ರು, ಪಕ್ಕದಲ್ಲಿದ್ದ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ಎರಡೂ ಗೆರೆ ಮೇಲೆ ಇಟ್ಟು ನೋಡಿ, "ಎರಡೂ ಒಂದೇ, ಇದೆಂತ ಕೇಳುದು" ಅಂದ್ರು. ಹಾಗಲ್ಲ ಅಜ್ಜಿ ಕಣ್ಣಲ್ಲೇ ನೋಡಿ ಹೇಳ್ಬೇಕು ಅಂದ್ರೆ, "ಅದನ್ನ ನೀನು ಮೊದಲು ಹೇಳ್ಬೇಕಲ್ಲಾ" ಅಂತ ನನ್ನನ್ನೇ ಬೈದ್ರು. ಮರುದಿನ ಮ್ಯಾಮ್ ಹತ್ರ ಹೇಳಿದ್ದಕ್ಕೆ ಮ್ಯಾಮ್ ನಗಾಡಿ, ನಿನ್ನ ಇನ್‌ಸ್ಟ್ರಕ್ಷನ್ ಫೇಲು, ನಿನ್ನ ಸಬ್ಜೆಕ್ಟ್, ಅಂದ್ರೆ ಅಜ್ಜಿ, ಪಾಸು ಅಂದ್ರು.

ಇಂಥ ಮ್ಯಾಮ್ ಎಲ್ಲಾ ಸೆಮಿಸ್ಟರಿಗೂ ಸಿಗುದಿಲ್ಲ ಅದೇ ತೊಂದರೆ. ನಮ್ಗೆ ಒಂದು ವರ್ಷದಲ್ಲಿ ಮೂವರು ಗೆಸ್ಟ್ ಲೆಕ್ಚರರ್ ಬದಲಾದ್ರು. ಒಬ್ರು ಪಿಪಿಟಿ ಓದಿ ಹೇಳುದು, ನಾವು ಫೋಟೋ ತೆಗೆಯುದು. ನ್ಯೂಯಾರ್ಕಲ್ಲಿ 1964ರಲ್ಲಿ ಕಿಟ್ಟಿ ಜಿನೊವೀಸ್ ಅನ್ನುವ ಹುಡುಗಿಯ ಕೊಲೆ ಆಗುವಾಗ 38 ಜನ ನೋಡ್ತಾ ಸುಮ್ನೆ ಇದ್ರು ಅಂತ ಬೈಸ್ಟಾಂಡರ್ ಎಫೆಕ್ಟಿಗೆ (ಸುತ್ತ ಜನ ಇದ್ದಾಗ ಬೇರೆಯವ್ರು ನೋಡ್ಕೊಳ್ತಾರೆ ಅಂತ ಯಾರೂ ಸಹಾಯಕ್ಕೆ ಹೋಗದೆ ಇರುದು) ಉದಾಹರಣೆ ಕೊಡ್ತಾರಲ್ಲ, ಆ 38ರ ಕಥೆಗೆ ಸರಿಯಾದ ಆಧಾರ ಇಲ್ಲ ಅಂತ 2007ರಲ್ಲೇ ಪೇಪರ್ ಬಂದಿದೆ, ನಾನು ಎದ್ದು ನಿಂತು ಹೇಳಿದೆ, ಅದಕ್ಕೆ ಸಿಕ್ಕಿದ ಉತ್ತರ "ಹೌದು, ಆದ್ರೆ ಪರೀಕ್ಷೆಯಲ್ಲಿ 38 ಅಂತಲೇ ಬರೀರಿ". ಬರ್ದೆ. ಮಾರ್ಕೂ ಬಂತು.

ಪುಸ್ತಕಗಳೆಲ್ಲ ಇಂಗ್ಲಿಷು, ಅದೂ ಅಮೆರಿಕದ ದಪ್ಪ ಪುಸ್ತಕ. ಇಂಗ್ಲಿಷ್ ಕಷ್ಟ ಅಂತ ಅಲ್ಲ, ಎರಡು ಸೆಮ್ ಆದ್ಮೇಲೆ ಅಭ್ಯಾಸ ಆಗ್ತದೆ, ಕನ್ನಡ ಮೀಡಿಯಂನವರು ಅದಕ್ಕೆ ಹೆದರ್ಲಿಕ್ಕಿಲ್ಲ. ಆದ್ರೆ ಟ್ರಾಮಾ ಅಂದ್ರೆ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರು, ಆಘಾತದ ನಂತರ ಉಳಿಯುವ ಆ ಮಾನಸಿಕ ತೊಂದರೆಗೆ 1980ರಲ್ಲಿ ಪಿಟಿಎಸ್‌ಡಿ ಅಂತ ಹೆಸರು ಬಂದದ್ದು, ಅಷ್ಟಕ್ಕೇ ಚಾಪ್ಟರ್ ಮುಗೀತು. ನಮ್ಮ ಎಣ್ಮಕಜೆ ಪಡ್ರೆ ಕಡೆ ಗೇರು ತೋಟಕ್ಕೆ 2000ದವರೆಗೆ ಇಪ್ಪತ್ತು ವರ್ಷಕ್ಕೂ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದ್ರಲ್ಲ, ಹಾಸಿಗೆಯಿಂದ ಏಳ್ಲಿಕ್ಕಾಗದ ಮಗನನ್ನು ಮೂವತ್ತು ವರ್ಷ ನೋಡಿಕೊಂಡ ಅಮ್ಮಂದಿರು ಇದ್ದಾರೆ ಅಲ್ಲಿ, ಅವರ ಮನಸ್ಸಿನ ಬಗ್ಗೆ ಒಂದು ಪ್ಯಾರಾ ಇಲ್ಲ. ಮೈಸೂರಲ್ಲಿ 1924ರಲ್ಲೇ ಸೈಕಾಲಜಿ ಡಿಪಾರ್ಟ್‌ಮೆಂಟ್ ಶುರು ಆಗಿತ್ತು, ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವ್ರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಸ್ಟೇಶನ್ ಇಟ್ಟು ಆಕಾಶವಾಣಿ ಅಂತ ಶುರು ಮಾಡಿದ್ದು, ಇದು ನಂಗೆ ಸಿಕ್ಕಿದ್ದು ಜರ್ನಲಿಸಂ ಕ್ಲಾಸಲ್ಲಿ. ಸೈಕಾಲಜಿಯಲ್ಲಿ ಅಲ್ಲ!

ಕೊನೆ ವರ್ಷದ ಪ್ರಾಜೆಕ್ಟ್ ಮಾತ್ರ ಮರೀಲಿಕ್ಕಿಲ್ಲ. ಬೀಡಿ ಕಟ್ಟುವ ಹೆಂಗಸರ ಸ್ಟ್ರೆಸ್ ಅಳೆಯುದು ಅಂತ ನಾನೂ ನನ್ನ ಫ್ರೆಂಡೂ ವಿಷಯ ತಗೊಂಡ್ವು. 1983ರ ಒಂದು ಸ್ಟ್ರೆಸ್ ಸ್ಕೇಲ್ ಉಂಟು, ನಾವು ತಗೊಂಡದ್ದು ಅದರ ಆಮೇಲಿನ ಹತ್ತು ಪ್ರಶ್ನೆಯ ರೂಪ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ನಾವೇ ಒಂದು ರಾತ್ರಿ ಕೂತು ಕನ್ನಡ ಮಾಡಿದ್ವು. ಅದ್ರಲ್ಲಿ ಎಲ್ಲಾ ನಿಭಾಯಿಸ್ತಾ ಇದ್ದೀರಿ ಅನ್ನುವ ಅರ್ಥದ ಪ್ರಶ್ನೆ ಒಂದುಂಟು, ಇಂಗ್ಲಿಷಲ್ಲಿ ಅದು ಮೇಲೆ ಇರುದು ಅಂತ ಬರ್ತದೆ, ನಾವು ಮಂಡೆ ಓಡಿಸದೆ "ವಿಷಯಗಳ ಮೇಲೆ ಇದ್ದೀರಿ ಅಂತ ಎಷ್ಟು ಸಲ ಅನ್ನಿಸಿದೆ" ಅಂತ ಬರ್ದಿದ್ವು. ಉಪ್ಪಳದ ಹತ್ರ ಒಂದು ಮನೆಯ ಜಗಲಿಯಲ್ಲಿ ಅಕ್ಕ ಒಬ್ರು ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಸುತ್ತುತ್ತಾ ಕೈ ನಿಲ್ಲಿಸದೇನೇ ಕೇಳಿದ್ರು, "ಯಾವುದ್ರ ಮೇಲೆ ಮಗಾ?" ನಮ್ಮಿಬ್ರಿಗೂ ಉತ್ತರ ಇಲ್ಲ. ಮತ್ತೆ ಅವರೇ, "ನಿಂಗೆ ಮಂಡೆಬೆಚ್ಚ ಉಂಟಾ ಅಂತ ಕೇಳುದಾ? ಹಾಗೆ ಕೇಳಿದ್ರೆ ಹೇಳ್ಬಹುದು" ಅಂತ ದಾರಿ ತೋರಿಸಿದ್ರು. ಆ ಹಾಳೆಗಳನ್ನೆಲ್ಲ ಬಿಸಾಡಿ ಮೊದಲಿಂದ ಮಾಡಿದ್ವು, ಒಬ್ರು ಕನ್ನಡ ಮಾಡುದು, ಮೂಲ ನೋಡದ ಇನ್ನೊಬ್ರು ಅದನ್ನ ವಾಪಸ್ ಇಂಗ್ಲಿಷ್ ಮಾಡುದು, ಎರಡನ್ನೂ ಹೋಲಿಸಿ ನೋಡುದು. ಕ್ಲಾಸಲ್ಲಿ ಈ ಕ್ರಮ ಹೇಳಿ ಕೊಟ್ಟಿದ್ರು, ನಾವು ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ವು. ಡೇಟಾ ಸಿಕ್ಕಿದ್ದು ಕಮ್ಮಿ ಆಯ್ತು, ವೈವಾದಲ್ಲಿ ಅದಕ್ಕೆ ಬೈಗುಳವೂ ಸಿಕ್ತು.

ಸ್ಕೋಪ್ ಸ್ಕೋಪ್ ಅಂತ ಕೇಳ್ತೀರಲ್ಲ, ನೇರ ಹೇಳ್ತೇನೆ. ಬರೀ ಬಿಎ ಇಟ್ಟುಕೊಂಡು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಲಿಕ್ಕೆ ಆಗುದಿಲ್ಲ. ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ಒಪ್ಪಿದ ಟ್ರೈನಿಂಗು, ಆಮೇಲೆ ರಿಜಿಸ್ಟ್ರೇಶನ್. ಇಷ್ಟು ವರ್ಷ ಅದು ಎರಡು ವರ್ಷದ ಎಂಫಿಲ್ ಆಗಿತ್ತು, ಈಗ ವ್ಯವಸ್ಥೆ ಬದಲಾಗ್ತಾ ಉಂಟು, ಸೇರುವ ಮೊದಲು ಆರ್‌ಸಿಐ ಸೈಟಲ್ಲೇ ನೋಡಿ, ಯಾರೋ ಹೇಳಿದ್ದನ್ನು ನಂಬ್ಬೇಡಿ, ನಾನು ಹೇಳಿದ್ದನ್ನೂ. ಮಾತ್ರೆ ಬರೆಯುದು ಸೈಕಿಯಾಟ್ರಿಸ್ಟು, ಅವರು ಎಂಬಿಬಿಎಸ್ ಮಾಡಿ ಬಂದ ಡಾಕ್ಟರು, ಬೇರೆಯೇ ದಾರಿ. ಈ ವ್ಯತ್ಯಾಸ ನಮ್ಮ ಮಾವನಿಗೆ ಮೂರು ವರ್ಷದಲ್ಲಿ ಮೂವತ್ತು ಸಲ ಹೇಳಿದ್ದೇನೆ, ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಇವ್ಳು ಹುಚ್ಚಿನ ಡಾಕ್ಟರು ಅಂತಲೇ ಪರಿಚಯ ಮಾಡಿಸಿದ್ರು.

ಇನ್ನೊಂದು ಕಿರಿಕಿರಿ, ಡಿಗ್ರಿಗೆ ಸೇರಿದ ದಿನದಿಂದಲೇ ಊರಿನವರು ಕಷ್ಟ ಹೇಳಿಕೊಂಡು ಬರ್ತಾರೆ. ಒಮ್ಮೆ ರಾತ್ರಿ ಹತ್ತು ಗಂಟೆಗೆ ಒಬ್ರು ಫೋನ್ ಮಾಡಿ ತಂಗಿ ಊಟ ಬಿಟ್ಟಿದ್ದಾಳೆ, ಎಂತ ಮಾಡುದು ಅಂತ ಕೇಳಿದ್ರು, ನನ್ನ ಕೈಕಾಲು ನಡುಗಿತು, ಯಾಕಂದ್ರೆ ಅಷ್ಟೊತ್ತಿಗೆ ನಂಗೆ ಬರ್ತಾ ಇದ್ದದ್ದು ಎಬ್ಬಿಂಗ್‌ಹೌಸನ ಮರೆವಿನ ಗ್ರಾಫು ಮಾತ್ರ. ಈಗ ಯಾರು ಕೇಳಿದ್ರೂ 14416 ಕೊಡ್ತೇನೆ, ಟೆಲಿ ಮಾನಸ್, 2022ರಲ್ಲಿ ಶುರು ಆದ ಸರ್ಕಾರದ ಫ್ರೀ ನಂಬರು, ದಿನದ ಇಪ್ಪತ್ನಾಲ್ಕು ಗಂಟೆಯೂ ಉಂಟು, ಭಾಷೆ ಆರಿಸ್ಲಿಕ್ಕೂ ಆಗ್ತದೆ.

ಸೇರುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಲ್ಯಾಬ್ ತೋರಿಸಿ ಅಂತ ಕೇಳಿ. ಕಪಾಟಿಗೆ ಬೀಗ ಹಾಕಿ ಕೀ ಎಲ್ಲಿದೆ ಅಂತ ಹುಡುಕ್ತಾ ಇದ್ರೆ ಮೆಲ್ಲ ವಾಪಸ್ ಬನ್ನಿ. ಪರ್ಮನೆಂಟ್ ಲೆಕ್ಚರರ್ ಎಷ್ಟು ಜನ ಅಂತಲೂ ಕೇಳಿ, ನಾಚಿಕೆ ಮಾಡ್ಬೇಡಿ, ಫೀಸ್ ಕಟ್ಟುದು ನೀವು.

ಸೆಕೆಂಡ್ ಸೆಮ್ ನೋಟ್ಸೂ ರೆಕಾರ್ಡ್ ಪುಸ್ತಕವೂ ಯಾರಿಗಾದ್ರೂ ಬೇಕಾದ್ರೆ ಹೇಳಿ, ಕುಂಬ್ಳೆ ಸ್ಟೇಶನಲ್ಲಿ ತಂದು ಕೊಡ್ತೇನೆ. ಮಿರರ್ ಡ್ರಾಯಿಂಗಿನ ಪೇಜ್ ಮಾತ್ರ ಕಾಪಿ ಮಾಡ್ಬೇಡಿ, ಆವರೇಜ್ ಲೆಕ್ಕ ತಪ್ಪುಂಟು ಅದ್ರಲ್ಲಿ, ಸೈನ್ ಹಾಕಿದವರೂ ನೋಡ್ಲಿಲ್ಲ.